ಅಚ್ಚು ಒತ್ತಿದ್ದಕ್ಕೆ ಯಾತರ ಕೂಲಿ?

ಈ ಮಾತನ್ನು ಮೊದಲು ಆಡಿದವಳು ನಾನೇ. ಊರವರ ಮೇಲೆ ಹರಿಹಾಯುವುದಕ್ಕೆ ಮುಂಚೆ ನನ್ನ ತಪ್ಪನ್ನು ಒಪ್ಪಿಕೊಂಡುಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನನ್ನನ್ನು ಬಲ್ಲ ಹೆಂಗಸರು ಈ ಪುಟ ಓದಿ, "ಅಯ್ಯ, ಅವತ್ತು ಹಂಗ ಅಂದಾಕಿ ಈಕೀನ ಅಲ್ಲೇನ?" ಎಂದು ಮುಸಿಮುಸಿ ನಗುತ್ತಾರೆ.

2023ರ ಮೇ ತಿಂಗಳು. ಕೊಟ್ಟೂರಿನ ನಮ್ಮ ಮನೆಯಲ್ಲಿ ಮಗಳ ಮದುವೆ. ಕೂಡ್ಲಿಗಿಯಿಂದ ನಾದಿನಿಯರು, ಹರಪನಹಳ್ಳಿಯಿಂದ ನನ್ನ ತವರಿನವರು, ಹಡಗಲಿಯಿಂದ ವಾರಗಿತ್ತಿಯ ಕಡೆಯವರು, ಹಗರಿಬೊಮ್ಮನಹಳ್ಳಿಯಿಂದ ಬೀಗರ ಪೈಕಿ ಹುಡುಗಿಯರು, ಹೀಗೆ ಮನೆ ತುಂಬ ಹೆಣ್ಣುಮಕ್ಕಳು. ಅರಿಶಿಣದ ಹಿಂದಿನ ರಾತ್ರಿ ಎದುರುಮನೆಯ ಹುಡುಗಿ ಒಂದು ಸ್ಟೀಲಿನ ಡಬ್ಬಿ ಹಿಡಿದುಕೊಂಡು ಬಂದಳು. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಾಳೆ. ಅವಳ ತಾಯಿ ಹಡಗಲಿ ಮಲ್ಲಿಗೆಯ ಮೊಗ್ಗು ತರಿಸಿ, ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರುವಾಕೆ.

"ದೊಡ್ಡವ್ವಾ, ಮದುಮಗಳ ಉಗುರಿಗೆ ಡಿಸೈನ್ ಹಾಕಲೇನು?" ಅಂದಳು. "ಹಾಕವ್ವ, ಅದಕ್ಕೇನಂತ" ಅಂದೆ.

ಮದುಮಗಳ ಹತ್ತು ಉಗುರು ಮುಗಿದವು. ಕುಂಕುಮಗೆಂಪಿನ ಮೇಲೆ ಬೆಳ್ಳಿಬಣ್ಣದ ಮಾವಿನಕಾಯಿ, ಅದರ ಸುತ್ತ ಸಾಸಿವೆಗಿಂತ ಸಣ್ಣ ಚುಕ್ಕಿ. ನೋಡಿದವರೆಲ್ಲ "ನನಗೂ ಒಂದು, ನನಗೂ ಒಂದು" ಎಂದು ಕೈ ಚಾಚಿದರು. ಕೈಯೇನು, ಅರವತ್ತು ದಾಟಿದ ನಮ್ಮ ಸೋದರತ್ತೆ ಕೂಡ ಸೆರಗಿನಲ್ಲಿ ಬೆರಳು ಒರೆಸಿಕೊಂಡು ಸಾಲಿನಲ್ಲಿ ಕೂತರು. ಒಟ್ಟು ಇಪ್ಪತ್ತಮೂರು ಮಂದಿ. ರಾತ್ರಿ ಎಂಟಕ್ಕೆ ಕೂತ ಹುಡುಗಿ ಎದ್ದಾಗ ಬೆಳಗಿನ ನಾಲ್ಕು.

ಆ ಕೆಲಸ ಹೇಗೆ ಮಾಡುತ್ತಾರೆ ಎಂದು ನೋಡದವರಿಗೆ ಹೇಳಬೇಕು, ಏಕೆಂದರೆ ಜಗಳವಿರುವುದು ಅಲ್ಲಿಯೇ. ಅಂಗೈಯಗಲದ ಉಕ್ಕಿನ ತಗಡು. ಅದರ ಮೇಲೆ ಬಳ್ಳಿ, ನವಿಲು, ಕಮಲ, ಜಾಲರಿ ಎಲ್ಲ ಬರಿಯ ಗೀರುಗಳಾಗಿ ಕೊರೆದಿರುತ್ತವೆ. ಗೀರು ಎಷ್ಟು ಆಳ ಅಂತೀರಿ? ಬೆರಳಾಡಿಸಿದರೆ ತಿಳಿದೂ ತಿಳಿಯದಷ್ಟು. ಮೊದಲು ಉಗುರಿಗೆ ಒಂದು ಬಣ್ಣ ಹಚ್ಚಿ ಪೂರ್ತಿ ಒಣಗಿಸಬೇಕು. ಆಮೇಲೆ ತಗಡಿನ ಗೀರಿನ ಮೇಲೆ ಬೇರೆ ಮಂದವಾದ ಬಣ್ಣ ಸುರಿದು, ಹಳೆಯ ಎ.ಟಿ.ಎಂ. ಕಾರ್ಡಿನಿಂದ ಓರೆಯಾಗಿ ಒಂದೇ ಸಲ ಎಳೆಯಬೇಕು. ಒತ್ತಿ ಎಳೆದರೆ ಗೀರಿನೊಳಗಿನ ಬಣ್ಣವೂ ಹೋಯಿತು, ಹಗುರವಾಗಿ ಎಳೆದರೆ ತಗಡೆಲ್ಲ ರಾಡಿ. ತಕ್ಷಣ ಮೆತ್ತನೆಯ ರಬ್ಬರಿನ ಮುದ್ರೆಯನ್ನು ಅದರ ಮೇಲೆ ಹೊರಳಿಸಿ ಚಿತ್ರವನ್ನು ಎತ್ತಿ, ಉಗುರಿನ ಮೇಲೆ ಇಳಿಸಬೇಕು. ಎತ್ತುವುದಕ್ಕೂ ಇಳಿಸುವುದಕ್ಕೂ ಸಿಗುವುದು ಕೆಲವೇ ಕ್ಷಣ. ಮುದ್ರೆಯನ್ನು ಪ್ರತಿ ಸಲ ಅಂಟುಪಟ್ಟಿಯಿಂದ ಶುದ್ಧ ಮಾಡಬೇಕು. ಬೆರಳಿನ ಚರ್ಮಕ್ಕೆ ತಾಗಿದ್ದನ್ನು ಹತ್ತಿಯಲ್ಲಿ ಒರೆಸಬೇಕು. ಕೊನೆಗೆ ಮೇಲಿನ ಹೊಳಪು. ಅದನ್ನು ಅವಸರದಲ್ಲಿ ಹಚ್ಚಿದರೆ ಅಷ್ಟು ಹೊತ್ತಿನ ನವಿಲು ಕಲೆಸಿ ಕಾಗೆಯಾಗುತ್ತದೆ.

ಇಷ್ಟೂ ನಡೆದದ್ದು ನಮ್ಮ ಸೀಮೆಯ ಮೇ ತಿಂಗಳ ಸೆಕೆಯಲ್ಲಿ. ಫ್ಯಾನು ಹಾಕುವ ಹಾಗಿಲ್ಲ! ಫ್ಯಾನಿನ ಗಾಳಿಗೆ ತಗಡಿನ ಮೇಲಿನ ಬಣ್ಣ ಮುದ್ರೆಗೆ ಏರುವ ಮೊದಲೇ ಒಣಗಿಬಿಡುತ್ತದೆ. ಆದ್ದರಿಂದ ಅವಳು ಫ್ಯಾನು ಆರಿಸಿ, ಕಿಟಕಿ ಮುಚ್ಚಿ ಕೂತಳು. ಕೈ ಚಾಚಿದವರು ಉಗುರಾದ ಕೂಡಲೇ "ಉಸ್ಸಪ್ಪಾ" ಎಂದು ಅಂಗಳಕ್ಕೆ ಓಡಿದರು. ಅವಳು ಮಾತ್ರ ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಳ್ಳುತ್ತ ಅಲ್ಲೇ. ಉಗುರುಬಣ್ಣದಲ್ಲಿರುವುದು ಈಥೈಲ್ ಅಸಿಟೇಟಿನಂಥ ದ್ರವಗಳು, ಒರೆಸುವುದಕ್ಕೆ ಅಸಿಟೋನ್. ಅವು ಗಾಳಿಗೆ ಹಾರಿಹೋಗುವುದರಿಂದಲೇ ಬಣ್ಣ ಒಣಗುವುದು. ಹಾರಿಹೋದದ್ದು ಎಲ್ಲಿಗೆ ಹೋಗುತ್ತದೆ? ಮುಚ್ಚಿದ ಕೋಣೆಯಲ್ಲಿ ಕೂತವಳ ಮೂಗಿಗೆ. ನಾಲ್ಕು ಗಂಟೆಗೆ ಅವಳು ಎದ್ದು ಗೋಡೆ ಹಿಡಿದುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡೆ.

ಮದುವೆಯಾದ ಮೇಲೆ ಒಂದು ರವಿಕೆ ಕಣ, ತೆಂಗಿನಕಾಯಿ, ಎಲೆ ಅಡಿಕೆ, ನಾಲ್ಕು ಲಾಡು ಕೊಟ್ಟು ಕಳಿಸಿದೆ. ಎರಡು ದಿನ ಬಿಟ್ಟು ಹೂವಿನ ದುಡ್ಡಿಗೆ ಬಂದ ತಾಯಿ, ನೋಟು ಎಣಿಸಿಕೊಂಡು, ಹೊಸ್ತಿಲಲ್ಲೇ ನಿಂತು, "ಅಕ್ಕಾರ, ಬಣ್ಣದ ಬಾಟ್ಲಿ ಎರಡು ಖಾಲಿ ಆದುವಂತರೀ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಆಗ ನಾನು ಆಡಿದ್ದೇ ಆ ಮಾತು: "ಅಚ್ಚು ಒತ್ತಿದ್ದಕ್ಕ ಯಾತರ ಕೂಲಿ ಬಿಡವ್ವ, ಮನೀ ಹುಡುಗಿ ಅಲ್ಲೇನ." ಆಕೆ ನಕ್ಕಳು. ನಾನೂ ನಕ್ಕೆ.

ಆ ನಗು ನನ್ನನ್ನು ಹಿಡಿದುಕೊಂಡದ್ದು ಆರು ತಿಂಗಳ ಮೇಲೆ, ಮೈದುನನ ಮಗಳ ಮದುವೆಗೆ ಖರ್ಚಿನ ಅಂದಾಜು ಬೇಕೆಂದು ಹಳೆಯ ಲೆಕ್ಕದ ಪುಸ್ತಕ ತೆಗೆದಾಗ. ಬ್ಯಾಂಡಿನವರು, ಫೋಟೋದವರು, ಅಡಿಗೆಯವರು, ಶಾಮಿಯಾನ, ಲೈಟು, ಅಯ್ಯನವರ ದಕ್ಷಿಣೆ, ಬಳೆಗಾರ್ತಿ, ಹೂವು ಇಷ್ಟು ಮೊಳ, ಲಗ್ನಪತ್ರಿಕೆ ಅಚ್ಚು ಹಾಕಿಸಿದ್ದು. ಸಾಲು ಸಾಲಾಗಿ ಎಲ್ಲರೂ ಇದ್ದರು. ತಾಯಿಯ ಮಲ್ಲಿಗೆ ಮೊಳದ ಸಮೇತ ಇತ್ತು. ಮಗಳ ಎಂಟು ಗಂಟೆ ಎಲ್ಲಿಯೂ ಇರಲಿಲ್ಲ.

ಲಗ್ನಪತ್ರಿಕೆ! ಅದೂ ಅಚ್ಚೇ ಅಲ್ಲವೇ? ಪ್ರೆಸ್ಸಿನವರ ಹತ್ತಿರ ಹೋಗಿ, "ಯಂತ್ರ ಒತ್ತುತ್ತದೆ, ನಿಮಗೆ ಯಾತರ ಕೂಲಿ" ಎಂದು ನಾವು ಯಾರಾದರೂ ಕೇಳಿದ್ದೇವೆಯೇ? ಮುಂಗಡ ಕೊಟ್ಟು ಕೈಮುಗಿದು ಬರುತ್ತೇವೆ. ಕೈಗಡಿಯಾರದ ಮುಖದ ಮೇಲೆ ಅಂಕಿ ಮೂಡಿಸುವುದೂ ಕೂಡ ಇದೇ ಉಪಾಯದಿಂದ: ಕೊರೆದ ತಗಡು, ಗೀರಿನಲ್ಲಿ ಮಸಿ, ಅದನ್ನು ಎತ್ತಿ ಇಳಿಸುವ ಮೆತ್ತನೆಯ ದಿಂಡು. ಕಾರ್ಖಾನೆಯಲ್ಲಿ ಮಾಡಿದರೆ ಅದು ತಂತ್ರಜ್ಞಾನ, ತಿಂಗಳಾದರೆ ಸಂಬಳ. ಕೊರಿಯಾದ ಕೊನಾಡ್ ಎಂಬ ಕಂಪನಿ ಅದನ್ನೇ ಉಗುರಿಗೆ ತಂದು ದೇಶದೇಶಗಳಲ್ಲಿ ಮಾರಿತು, ಅದು ವ್ಯಾಪಾರ. ಕೊಟ್ಟೂರಿನ ಹುಡುಗಿ ನಡುಮನೆಯಲ್ಲಿ ಕೂತು ಮಾಡಿದರೆ ಆಟ!

"ಒಂದು ವಾರಕ್ಕೆ ಅಳಿಸಿಹೋಗಾದಕ್ಕ ದುಡ್ಡು ಯಾಕ?" ಎನ್ನುವವರಿದ್ದಾರೆ. ಮಂಟಪದ ಹೂವು ಸಂಜೆಗೆ ಬಾಡುತ್ತದೆ. ಬ್ಯಾಂಡಿನ ಸದ್ದು ಬಾರಿಸಿದ ಕ್ಷಣದಲ್ಲೇ ಮುಗಿಯುತ್ತದೆ. ಅವಕ್ಕೆ ಚೌಕಾಸಿ ಮಾಡಿಯಾದರೂ ಕೊಡುತ್ತೇವಲ್ಲ? ನಮ್ಮ ಅಜ್ಜಿಯರ ಕಾಲದಲ್ಲಿ ಹಚ್ಚೆ ಹಾಕುವ ಕೊರವಂಜಿ ಬಂದರೆ ಒಂದು ಸೇರು ಜೋಳವನ್ನಾದರೂ ಉಡಿಗೆ ಹಾಕದೆ ಕಳಿಸುತ್ತಿರಲಿಲ್ಲ. ಓದು ಬರಹ ಬಾರದ ಆ ಅಜ್ಜಿಯರಿಗೆ ತಿಳಿದ ಲೆಕ್ಕ, ಡಿಗ್ರಿ ಪಡೆದ ನನಗೆ ತಿಳಿಯಲಿಲ್ಲ.

ಇನ್ನೊಂದು ಸಮಾಧಾನ ಇದೆ, ಅದು ಎಲ್ಲಕ್ಕಿಂತ ಸಿಹಿಯಾದ್ದು: "ಮನೆಯ ಹುಡುಗಿ." ಮನೆಯ ಹುಡುಗಿ ಎನ್ನುವುದು ಕೆಲಸ ಇರುವಾಗ ಮಾತ್ರ. ಬೀಗರ ಪಂಕ್ತಿಯಲ್ಲಿ ಅವಳನ್ನು ಕೂಡಿಸಿದೆವೇ? ಫೋಟೋಕ್ಕೆ ಕರೆದೆವೇ? ಆಲ್ಬಮ್ಮಿನಲ್ಲಿ ಅವಳು ಬಿಡಿಸಿದ ಉಗುರುಗಳಿವೆ, ಅವಳಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಜನರ ದಿನಚರಿಯ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97. ಇದನ್ನು ಓದಿ ನಾನು ನಮ್ಮ ಯಜಮಾನರ ಮುಂದೆ ಪೇಪರು ಹಿಡಿದು ವಾದ ಮಾಡಿದ್ದುಂಟು. ಸರಿ, ಆ ವಾದ ಅವರ ಜೊತೆ. ಆದರೆ ಇನ್ನೊಬ್ಬಳ ನಿಮಿಷಗಳನ್ನು ಪುಕ್ಕಟೆ ತೆಗೆದುಕೊಂಡದ್ದು ಯಾವ ಗಂಡಸೂ ಅಲ್ಲ, ನಾನು.

ನಮ್ಮ ಹೊಗಳಿಕೆಗೇನೂ ಕೊರತೆಯಿಲ್ಲ, ಅದು ದೂರದಿಂದ ಇರಬೇಕು ಅಷ್ಟೆ. ಕುರುವತ್ತಿಯ ಮಲ್ಲಿಕಾರ್ಜುನ ಗುಡಿಗೆ ಹೋದರೆ ಚಾಲುಕ್ಯರ ಕಾಲದ ಮದನಿಕೆಯರನ್ನು ಕತ್ತೆತ್ತಿ ನೋಡಿ "ಏನು ಕೆಲಸ, ಏನು ಕೆಲಸ" ಎನ್ನುತ್ತೇವೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ, ಸಂಡೂರಿನ ಲಂಬಾಣಿ ಕಸೂತಿಗೂ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1,755 ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದಾಗ ನಾನೂ ಹೆಮ್ಮೆಯಿಂದ ಟಿ.ವಿ. ನೋಡಿದೆ. ನೋಡಿ, ಅದು ನಮ್ಮ ಮನೆಯ ಮದುವೆಯಾಗಿ ಎರಡೇ ತಿಂಗಳು.

ಉಗುರಿಗೆ ಬಣ್ಣವೇ ಬೇಡ ಎನ್ನುವ ಹಿರಿಯರ ಜೊತೆ ನನಗೆ ದೊಡ್ಡ ಜಗಳವಿಲ್ಲ. ರೊಟ್ಟಿ ತಟ್ಟುವ ಕೈಗೆ ಉದ್ದುಗುರು ಸಲ್ಲದು ಎಂಬುದನ್ನು ನಾನೂ ಒಪ್ಪುತ್ತೇನೆ. ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಯಂತ್ರಕ್ಕೆ ಗಾಢ ಬಣ್ಣ ಅಡ್ಡಬರುತ್ತದೆಂದು ನರ್ಸುಗಳು ಅಳಿಸಿ ಬಾ ಎನ್ನುತ್ತಾರೆ, ಅದೂ ಸರಿಯೇ. ಆದರೆ "ಶೇಂಗಾ ಸುಲಿಯೋ ಕೈಗೆ ಕ್ಯೂಟೆಕ್ಸ್ ಯಾಕ" ಎಂದು ಕೊಂಕಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಶೇಂಗಾ ಸುಲಿದು, ಹುಣಸೆಹಣ್ಣು ಬಿಡಿಸಿ, ಸಾಬೂನಿನಲ್ಲಿ ಬಟ್ಟೆ ತಿಕ್ಕಿ ಸವೆದ ಉಗುರಿಗೇ ಅಲ್ಲವೇ ಒಂದಿಷ್ಟು ಬಣ್ಣ ಬೇಕಾದ್ದು? ನಾನು ಹುಡುಗಿಯಾಗಿದ್ದಾಗ ಕೊಟ್ಟೂರು ಜಾತ್ರೆಯಲ್ಲಿ ಕದ್ದುಮುಚ್ಚಿ ಒಂದು ಕೆಂಪು ಬಾಟ್ಲಿ ಕೊಂಡು, ಅಪ್ಪನ ಹೆದರಿಕೆಗೆ ಕಾಲಿನ ಉಗುರಿಗೆ ಮಾತ್ರ ಹಚ್ಚಿಕೊಂಡವಳು. ಸೀರೆಯ ನಿರಿಗೆಯ ಕೆಳಗೆ ಅದು ಇದೆ ಎಂಬುದೊಂದೇ ನನಗೆ ಎಂಟು ದಿನದ ಹಬ್ಬ.

ಲೆಕ್ಕದ ಪುಸ್ತಕ ನೋಡಿದ ಮರುದಿನ ಎರಡೂವರೆ ಸಾವಿರ ಲಕೋಟೆಯಲ್ಲಿಟ್ಟುಕೊಂಡು ಎದುರುಮನೆಗೆ ಹೋದೆ. ತಾಯಿ, "ಅಯ್ಯ ಬಿಡ್ರೀ ಅಕ್ಕಾರ, ಈಗ ಯಾಕ" ಎಂದು ಎರಡು ಹೆಜ್ಜೆ ಹಿಂದೆ ಸರಿದಳು. ಮಗಳು ಸರಿಯಲಿಲ್ಲ. ಲಕೋಟೆ ತೆಗೆದುಕೊಂಡು ನನ್ನೆದುರಿಗೇ ಎಣಿಸಿದಳು. "ಇಪ್ಪತ್ತಮೂರು ಮಂದಿ ದೊಡ್ಡವ್ವಾ, ಒಬ್ಬರಿಗೆ ನೂರು" ಎಂದು ಇನ್ನೂರು ರೂಪಾಯಿ ವಾಪಸು ಕೊಟ್ಟಳು. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಂಡಳು. ಆ ಪುಟದಲ್ಲಿ ಕೂಡ್ಲಿಗಿಯದೊಂದು, ಹಗರಿಬೊಮ್ಮನಹಳ್ಳಿಯವೆರಡು, ಹರಪನಹಳ್ಳಿಯದೊಂದು ಮದುವೆಯ ಹೆಸರಿತ್ತು. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಕೊಟ್ಟು, 2018ರಲ್ಲಿ ಬಳ್ಳಾರಿಗೆ ಮರಳಿಸಿ, 2021ರಲ್ಲಿ ನಮ್ಮೆಲ್ಲರ ಜೊತೆ ವಿಜಯನಗರ ಜಿಲ್ಲೆಗೆ ಸೇರಿಸಿದರು. ಜಿಲ್ಲೆ ಯಾವುದಾದರೇನು, ಇವಳ ಡಬ್ಬಿಗೆ ಬಸ್ಸಿನ ಟಿಕೀಟು ತಪ್ಪುವುದಿಲ್ಲ. ಕೆಲವು ಸಾಲಿನ ಮುಂದೆ ಹಣ ಬರೆದಿತ್ತು. ಕೆಲವುದರ ಮುಂದೆ "ಕಣ" ಎಂದಷ್ಟೇ ಇತ್ತು.

ಮೈದುನನ ಮಗಳ ಮದುವೆ ಹಡಗಲಿಯಲ್ಲಿ. ಬರುತ್ತೀಯೇನು ಎಂದು ಕೇಳಿದೆ. ಒಬ್ಬರಿಗೆ ನೂರು, ಬಸ್ ಚಾರ್ಜು ಬೇರೆ, ಕಿಟಕಿ ತೆರೆಯಲು ಬರುವಂಥ ಕೋಣೆ, ಹತ್ತು ಗಂಟೆಯ ಮೇಲೆ ಕೆಲಸ ಇಲ್ಲ ಅಂದಳು. ಆಗಲಿ ಅಂದೆ. ಅಂದು ಬಂದು ವಾರಗಿತ್ತಿಗೆ ಫೋನು ಮಾಡಿದರೆ ಆಕೆ, "ನೂರು ಯಾಕಕ್ಕ, ಅಚ್ಚು ಒತ್ತಾದಲ್ಲೇನು ಅದು? ಐವತ್ತಕ್ಕ ಮುಗಸ್ರಿ" ಎನ್ನಬೇಕೇ! ಬ್ಯಾಂಡಿನವರಿಗೆ ಎಷ್ಟು ಕೊಟ್ಟಿ ಎಂದು ಕೇಳಿದೆ. ಫೋನು ಇಟ್ಟಳು. ಮರುದಿನ ನಾನೇ ಮತ್ತೆ ಮಾಡಿದೆ.