ಹೆಗಲು ಹೋದರೆ ಹುಡುಗನೇ ಹೋದನೇ?

ಹೋಬಳಿ ಕ್ರೀಡಾಕೂಟ ಅಂದರೆ ನಮ್ಮ ಕಡೆ ಒಂದು ಸಣ್ಣ ಜಾತ್ರೆ. ಶಾಮಿಯಾನ, ಮೈಕು, ಸುಣ್ಣದ ಗೆರೆ, ಹಾರ, ತುರಾಯಿ, ಗಣ್ಯರ ಭಾಷಣ, ಬಿಸಿಲಲ್ಲಿ ಬಾಯಿ ಬಿಡುತ್ತಾ ನಿಂತ ಮಕ್ಕಳು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಹೋಬಳಿ ಗೆದ್ದವನು ತಾಲ್ಲೂಕಿಗೆ, ತಾಲ್ಲೂಕು ಗೆದ್ದವನು ಜಿಲ್ಲೆಗೆ. ಬಹಳ ಸಂತೋಷ. ಆದರೆ ಕಬಡ್ಡಿ ಅಂಕಣದಲ್ಲಿ ಬಿದ್ದ ಹುಡುಗನ ಭುಜ ಕಳಚಿಕೊಂಡರೆ ಮುಂದೇನು? ಈ ಪ್ರಶ್ನೆ ಮಾತ್ರ ಯಾವ ಆಹ್ವಾನ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ.

ಮುಂದೇನು ಎಂದು ಎಲ್ಲರಿಗೂ ಗೊತ್ತು. ಹತ್ತು ಜನ ಸುತ್ತುತ್ತಾರೆ. ಒಬ್ಬ ನೀರು ಹುಯ್ಯುತ್ತಾನೆ. ಇನ್ನೊಬ್ಬ, “ಏನೂ ಆಗಿಲ್ಲ ಕಣೋ, ಉಳುಕಿದೆ, ಒಂದು ಸಾರಿ ಎಳೆದುಬಿಟ್ರೆ ಕೂತ್ಕೊಳ್ಳುತ್ತೆ” ಅಂತ ಕೈ ಹಿಡಿದು ಎಳೆದೇ ಬಿಡುತ್ತಾನೆ. ಹುಡುಗ ಕಿರುಚುತ್ತಾನೆ. ಕೂತರೆ ಎಳೆದವನು ಧನ್ವಂತರಿ. ಕೂರದಿದ್ದರೆ ಹುಡುಗನ ಹಣೆಬರಹ!

ಇದು ತಮಾಷೆಯ ಮಾತಲ್ಲ ಸ್ವಾಮಿ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಮಳೆ ನಂಬಿ ಬದುಕೋದು ಎಷ್ಟು ಕಷ್ಟ ಅಂತ ಬೇರೆ ಹೇಳಬೇಕಾಗಿಲ್ಲ. ಅದಕ್ಕೇ ಹುಡುಗರು ಪೊಲೀಸ್ ಕೆಲಸ, ಮಿಲಿಟರಿ ಕೆಲಸ ಅಂತ ಬೆಳಗಿನ ಜಾವ ಎದ್ದು ರಸ್ತೆಯಲ್ಲಿ ಓಡುತ್ತಾರೆ. ಕಾನ್ಸ್‌ಟೇಬಲ್ ಆಯ್ಕೆಯ ದೈಹಿಕ ಪರೀಕ್ಷೆಯಲ್ಲಿ ಓಟ, ಜಿಗಿತದ ಜೊತೆ ಗುಂಡು ಎಸೆತವೂ ಉಂಟು. ಗಂಡಸರಿಗೆ 7.26 ಕಿಲೋ ಗುಂಡು, 5.60 ಮೀಟರ್ ದೂರ. ಭುಜ ನೆಟ್ಟಗಿದ್ದವನಿಗೆ ಇದು ದೊಡ್ಡದಲ್ಲ. ಭುಜ ಹೋದವನಿಗೆ ಅದೇ ಮಧುಗಿರಿ ಬೆಟ್ಟ. ಒಂದು ಹೆಗಲಿನ ಹಿಂದೆ ಒಂದು ಸಂಬಳ, ಒಂದು ಸಂಸಾರ ಇರುತ್ತದೆ ಎಂಬುದನ್ನು ಮರೆಯಬಾರದು.

ಮೊದಲು ಈ ಭುಜ ಅಂದರೇನು ಅಂತ ತಿಳಿಯೋಣ. ಸೊಂಟದ ಕೀಲು ಒರಳಿನಲ್ಲಿ ಕೂತ ಗುಂಡಿನ ಹಾಗೆ, ಆಳವಾಗಿ ಕೂತಿರುತ್ತದೆ. ಭುಜದ ಕೀಲು ಹಾಗಲ್ಲ. ಸಾಸರ್ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ಅದಕ್ಕೇ ಕೈ ಮೇಲೆ, ಕೆಳಗೆ, ಹಿಂದೆ, ಮುಂದೆ ಎಲ್ಲ ಕಡೆ ತಿರುಗುತ್ತದೆ. ಅದಕ್ಕೇ ಬೇಗ ಜಾರುತ್ತದೆ. ಆ ನಿಂಬೆಹಣ್ಣನ್ನು ಬೀಳದಂತೆ ಹಿಡಿದಿರೋದು ಸುತ್ತಲಿನ ನಾಲ್ಕು ಸಣ್ಣ ಸ್ನಾಯುಗಳು, ಮತ್ತು ಅವುಗಳನ್ನು ಮೂಳೆಗೆ ಬಿಗಿದಿರುವ ಹಗ್ಗದಂಥ ಸ್ನಾಯುರಜ್ಜುಗಳು. ನಮ್ಮಲ್ಲಿ ಎಲ್ಲ ನೋವಿಗೂ “ನರ ಹಿಡ್ಕೊಂಡಿದೆ” ಅನ್ನೋ ಒಂದೇ ಮಾತು. ಸಾಮಾನ್ಯವಾಗಿ ಹಿಡಿದುಕೊಂಡಿರೋದು ನರವಲ್ಲ, ಉಜ್ಜಿ ಉಜ್ಜಿ ಊದಿಕೊಂಡ, ಇಲ್ಲವೇ ಹರಿದ ಈ ಹಗ್ಗ.

ಭುಜ ಕಳಚಿದಾಗ ಅಂಕಣದ ಪಕ್ಕದಲ್ಲಿ ಎಳೆಯಲೇಬಾರದು. ಜೊತೆಗೆ ಮೂಳೆಯೂ ಮುರಿದಿರಬಹುದು. ಪಕ್ಕದಲ್ಲೇ ಹಾದುಹೋಗುವ ನರ ಜಜ್ಜಿರಬಹುದು. ಎಕ್ಸ್‌ರೇ ನೋಡದೆ ಯಾವ ಉಸ್ತಾದನಿಗೂ ಅದು ಕಾಣದು. ಮಾಡಬೇಕಾದ್ದು ಇಷ್ಟೇ: ಕೈ ಹೇಗಿದೆಯೋ ಹಾಗೇ ಒಂದು ಟವಲ್ಲಿನಿಂದ ಮೈಗೆ ಸೇರಿಸಿ ಕಟ್ಟಿ, ಬಟ್ಟೆ ಸುತ್ತಿದ ಐಸ್ ಇಡಿ, ತಿನ್ನೋಕೆ ಕುಡಿಯೋಕೆ ಕೊಡಬೇಡಿ, ಯಾಕೆಂದರೆ ಮಂಪರು ಔಷಧಿ ಕೊಟ್ಟು ಕೂರಿಸಬೇಕಾಗಬಹುದು. ಬೆರಳು ತಣ್ಣಗಾಗಿದ್ದರೆ, ಜೋಮು ಹಿಡಿದಿದ್ದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಓಡಿ. ಭುಜ ಕೂತ ಮೇಲೂ ಕಥೆ ಮುಗಿಯಲಿಲ್ಲ. 20 ವರ್ಷದೊಳಗಿನ ಆಟಗಾರರಲ್ಲಿ ಒಂದು ಸಾರಿ ಕಳಚಿದ ಭುಜ ಮತ್ತೆ ಕಳಚುವ ಸಂಭವ ಅರ್ಧಕ್ಕಿಂತ ಹೆಚ್ಚು. ವ್ಯಾಯಾಮದಿಂದ ಆ ನಾಲ್ಕು ಸ್ನಾಯುಗಳನ್ನು ಗಟ್ಟಿ ಮಾಡದೆ ಮುಂದಿನ ಭಾನುವಾರವೇ ಅಂಕಣಕ್ಕೆ ಇಳಿಸಿದರೆ ಅದು ಆಟವಲ್ಲ, ಜೂಜು.

ಇನ್ನು ಭಾರ ಎತ್ತುವವರ ಪಾಡು. ಇಲ್ಲಿ ಪೆಟ್ಟು ಢಮಾರ್ ಅಂತ ಬರುವುದಿಲ್ಲ, ಕಳ್ಳನ ಹಾಗೆ ಬರುತ್ತದೆ. ಹಿಂದೆ ಗರಡಿ ಮನೆ, ಈಗ ಬಸ್ ಸ್ಟ್ಯಾಂಡ್ ಪಕ್ಕದ ಜಿಮ್. ಹೆಸರು ಬದಲಾಯಿತು, ಆತುರ ಹೆಚ್ಚಾಯಿತು. ಗರಡಿಯಲ್ಲಿ ಮಣ್ಣು ಹದ ಮಾಡೋದು, ದಂಡ, ಬಸ್ಕಿ, ಆಮೇಲೆ ಗದೆ ಅಂತ ಒಂದು ಕ್ರಮ ಇತ್ತು. ಈಗಿನ ಹುಡುಗ ಮೂರನೇ ವಾರಕ್ಕೇ ಪಕ್ಕದವನಿಗಿಂತ ಹತ್ತು ಕಿಲೋ ಜಾಸ್ತಿ ಹಾಕಿ ಮೊಬೈಲಿನಲ್ಲಿ ಫೋಟೋ ತೆಗೆಸುತ್ತಾನೆ. ಎದೆಗೆ, ತೋಳಿಗೆ ದಿನಾ ಕೆಲಸ. ಬೆನ್ನಿನ ಹಲಗೆ ಮೂಳೆ ಹಿಡಿದಿರುವ ಸ್ನಾಯುಗಳಿಗೆ ಕೆಲಸವೇ ಇಲ್ಲ. ಮುಂದೆ ಬಲ, ಹಿಂದೆ ಬಡತನ! ಕೈ ಅರ್ಧ ಎತ್ತಿದಾಗ ಚುಳ್ ಅನ್ನುತ್ತೆ, ಪೂರ್ತಿ ಎತ್ತಿದರೆ ಹೋಗುತ್ತೆ, ರಾತ್ರಿ ಆ ಮಗ್ಗುಲಿಗೆ ಮಲಗಕ್ಕಾಗಲ್ಲ. ಇದು ಭುಜ ಕೊಡುವ ಮೊದಲ ನೋಟೀಸು. ನೋಟೀಸಿಗೆ ಉತ್ತರ ಕೊಡದಿದ್ದರೆ ಜಪ್ತಿಯೇ.

ಆಗ ನಮ್ಮ ಜನ ಹೋಗೋದೆಲ್ಲಿಗೆ? ಪುತ್ತೂರು ಕಟ್ಟಿಗೆ. ಚಿತ್ತೂರು ಸೀಮೆಯ ಪುತ್ತೂರಿನಿಂದ ಹೆಸರಾದ ಆ ಕಟ್ಟಿನ ಬೋರ್ಡು ಇಂದು ಊರೂರಲ್ಲಿದೆ. ಆಸ್ಪತ್ರೆ ದೂರ ಇದ್ದ ಕಾಲದಲ್ಲಿ ಮೂಳೆ ಕಟ್ಟುವವರು ಎಷ್ಟೋ ರೈತರ ಕೈಕಾಲು ಉಳಿಸಿದ್ದಾರೆ. ಅವರನ್ನು ಹೀಯಾಳಿಸುವ ಉದ್ದೇಶ ಈ ಅಂಕಣಕ್ಕಿಲ್ಲ. ಆದರೆ ಹರಿದ ಸ್ನಾಯುರಜ್ಜು ಎಣ್ಣೆ ನೀವಿದರೆ ಕೂಡುವುದಿಲ್ಲ. ತಿಂಗಳುಗಟ್ಟಲೆ ಕೈ ಕಟ್ಟಿಟ್ಟರೆ ಭುಜವೇ ಬಿರುಸಾಗಿ ಹೋಗುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗಂತೂ ಇನ್ನೂ ಬೇಗ. ಮೊದಲು ಏನಾಗಿದೆ ಅಂತ ಡಾಕ್ಟರು ಹೇಳಲಿ, ಆಮೇಲೆ ಉಳಿದ ಮಾತು.

ಇನ್ನೊಂದು ಅಪಾಯ, ಸೂಜಿ. “ನಾಳೆ ಮ್ಯಾಚ್ ಇದೆ, ಒಂದು ಇಂಜೆಕ್ಷನ್ ಹಾಕಿಬಿಡಿ ಸಾರ್.” ನೋವು ಹೋಯಿತು, ಹುಡುಗ ಆಡಿದ, ಅರ್ಧ ಹರಿದಿದ್ದದ್ದು ಪೂರ್ತಿ ಹರಿಯಿತು. ನೋವು ಅನ್ನೋದು ಮನೆ ಕಾಯುವ ನಾಯಿ. ಬೊಗಳಿತು ಅಂತ ಅದರ ಬಾಯಿ ಕಟ್ಟಿದರೆ ಕಳ್ಳ ಹೋಗುತ್ತಾನೆಯೇ? ಸ್ಟೀರಾಯ್ಡ್ ಇಂಜೆಕ್ಷನ್ನಿಗೂ ಅದರದೇ ಜಾಗ ಉಂಟು, ತಜ್ಞರ ಕೈಯಲ್ಲಿ. ಆದರೆ ಮೇಲಿಂದ ಮೇಲೆ ಹಾಕಿಸಿದರೆ ಸ್ನಾಯುರಜ್ಜು ದುರ್ಬಲವಾಗುತ್ತದೆ. ಜೊತೆಗೆ 2022ರ ಜನವರಿ 1ರಿಂದ ಗ್ಲೂಕೋಕಾರ್ಟಿಕಾಯ್ಡ್ ಜಾತಿಯ ಯಾವ ಇಂಜೆಕ್ಷನ್ನೂ ಸ್ಪರ್ಧೆಯ ಸಮಯದಲ್ಲಿ ನಿಷಿದ್ಧ ಎಂದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ನಿಯಮ ಮಾಡಿದೆ. ಮೇಲಿನ ಮಟ್ಟಕ್ಕೆ ಹೋಗುವ ಹುಡುಗ ಹುಡುಗಿಯರು ಇದನ್ನು ಕಿವಿಯಲ್ಲಿ ಇಟ್ಟುಕೊಂಡಿರಲಿ.

ಹಾಗಾದರೆ ವಾಸಿಯಾಗೋದು ಹೇಗೆ? ವಾಸಿ ಅನ್ನೋದು ರಜೆ ಅಲ್ಲ, ಅದೂ ಒಂದು ತಾಲೀಮು. ಮೊದಲ ಮೆಟ್ಟಿಲು, ನೋವು ಕೆರಳಿಸುವ ಕೆಲಸ ಮಾತ್ರ ನಿಲ್ಲಿಸಬೇಕು. ಕಾಲು, ಸೊಂಟದ ವ್ಯಾಯಾಮ ನಡೆಯುತ್ತಿರಲಿ. ಎರಡನೆಯದು, ಕೈ ಮೊದಲಿನಷ್ಟೇ ಮೇಲೆ ಹೋಗಬೇಕು. ಮೂರನೆಯದು, ರಬ್ಬರ್ ಪಟ್ಟಿ ಎಳೆದು, ಸಣ್ಣ ತೂಕ ಹಿಡಿದು ಆ ಒಳಗಿನ ಸ್ನಾಯುಗಳಿಗೆ ಬಲ ಬರಿಸಬೇಕು. ಕೊನೆಗೆ ಬರೀ ಬಾರ್. ಬರೀ ಬಾರ್ ಅಂದರೆ ನಾಚಿಕೆ ಬೇಡ, ಸ್ಪರ್ಧೆಯ ಬಾರ್ ಗಂಡಸರಿಗೆ 20 ಕಿಲೋ, ಹೆಂಗಸರಿಗೆ 15 ಕಿಲೋ ಇರುತ್ತದೆ. ಊದಿಕೊಂಡ ಸ್ನಾಯುರಜ್ಜು ಹತೋಟಿಗೆ ಬರೋಕೆ ಆರರಿಂದ ಹನ್ನೆರಡು ವಾರ ಹಿಡಿದರೂ ಅದು ಸಹಜ. ಆಪರೇಷನ್ ಮಾಡಿ ಹೊಲಿದಿದ್ದರೆ ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲೇ; ತಲೆ ಮೇಲೆ ಭಾರ ಎತ್ತುವ ಮಾತು ಸಾಮಾನ್ಯವಾಗಿ ಆರು ತಿಂಗಳ ಮೇಲೆ. ನೋವಿಲ್ಲದೆ ಕೈ ಪೂರ್ತಿ ಆಡಬೇಕು, ಪೆಟ್ಟಾದ ಕೈಗೆ ಇನ್ನೊಂದು ಕೈಯಷ್ಟೇ ಬಲ ಬಂದಿರಬೇಕು. ಆಟಕ್ಕೆ ವಾಪಸಾಗಲು ಇವು ಸರ್ಟಿಫಿಕೇಟು. ಕ್ಯಾಲೆಂಡರು ಅಲ್ಲ, ಕೋಚಿನ ಅವಸರವೂ ಅಲ್ಲ.

“ಅಷ್ಟು ದಿನ ಕೂತರೆ ಹೆಸರೇ ಅಳಿಸಿಹೋಗುತ್ತೆ ಸಾರ್” ಅನ್ನುವವರಿಗೆ ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆಯವರನ್ನೇ ತೋರಿಸಬಹುದು. 2001ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಅವರ ಭುಜಕ್ಕೆ ಶಸ್ತ್ರಚಿಕಿತ್ಸೆ ಆಯಿತು. ವಯಸ್ಸು 30 ದಾಟಿತ್ತು. ಆ ವರ್ಷ ಆಸ್ಟ್ರೇಲಿಯಾ ವಿರುದ್ಧದ ಪ್ರಸಿದ್ಧ ಟೆಸ್ಟ್ ಸರಣಿ ಅವರಿಲ್ಲದೆ ನಡೆಯಿತು. ಇನ್ನು ಕುಂಬ್ಳೆ ಮುಗಿದರು ಅಂದವರೂ ಇದ್ದರು. ಕಾದರು, ಗಟ್ಟಿಯಾದರು, ಬಂದರು. 2008ರಲ್ಲಿ ನಿವೃತ್ತರಾದಾಗ ಟೆಸ್ಟ್ ವಿಕೆಟ್ 619. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ಆಪರೇಷನ್ ಆದ ಮೇಲೆ!

ಭಾರ ಎತ್ತುವವರಲ್ಲಿ ಮಣಿಪುರದ ಮೀರಾಬಾಯಿ ಚಾನು. ಭುಜ, ಬೆನ್ನಿನ ತೊಂದರೆಯಿಂದ ಬಳಲಿ 2020ರಲ್ಲಿ ಅಮೆರಿಕಕ್ಕೆ ಹೋಗಿ ಚಿಕಿತ್ಸೆ, ತಾಲೀಮು ಎರಡನ್ನೂ ಪಡೆದರು. 2021ರ ಏಪ್ರಿಲ್‌ನಲ್ಲಿ ತಾಷ್ಕೆಂಟ್‌ನಲ್ಲಿ ಕ್ಲೀನ್ ಅಂಡ್ ಜರ್ಕ್‌ನಲ್ಲಿ 119 ಕಿಲೋ ಎತ್ತಿ ವಿಶ್ವದಾಖಲೆ ಮಾಡಿದರು. ಅದೇ ಜುಲೈನಲ್ಲಿ ಟೋಕಿಯೋದಲ್ಲಿ ಒಟ್ಟು 202 ಕಿಲೋ, ಬೆಳ್ಳಿ ಪದಕ.

ಅವರಿಗೆ ಅಮೆರಿಕ, ಆಫ್ರಿಕಾ ಇತ್ತು; ನಮ್ಮ ಹುಡುಗನಿಗೆ ಏನಿದೆ ಅಂತ ನೀವು ಕೇಳುತ್ತೀರಿ. ಕೇಳಲೇಬೇಕು. ಪಾವಗಡದಿಂದ ತುಮಕೂರು ಸುಮಾರು 100 ಕಿಲೋಮೀಟರ್. ವಾರಕ್ಕೆ ಮೂರು ದಿನ ಫಿಸಿಯೋಥೆರಪಿ ಅಂದರೆ ಹೋಗಿ ಬರೋದೇ 600 ಕಿಲೋಮೀಟರ್ ಆಯಿತು. ನೋಯುವ ಭುಜ ಇಟ್ಟುಕೊಂಡು ಬಸ್ಸಿನ ಕಂಬಿ ಹಿಡಿದು ನೇತಾಡುತ್ತಾ ಹೋದರೆ ವಾಸಿಯಾದದ್ದು ದಾರಿಯಲ್ಲೇ ಖರ್ಚು! ಎರಡು ವಾರ ಹೋಗುತ್ತಾನೆ, ಮೂರನೇ ವಾರ ಬಿಡುತ್ತಾನೆ. ತಪ್ಪು ಅವನದಲ್ಲ.

ಆದ್ದರಿಂದ ಕೇಳುವುದು ದೊಡ್ಡದೇನಲ್ಲ. ಒಂದು, ನಾಲ್ಕೂ ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಯಾವ ದಿನ, ಯಾವ ಕೋಣೆ ಅಂತ ಬಾಗಿಲಲ್ಲೇ ಬೋರ್ಡು ಬರೆಸಿ. ಇಲ್ಲದ ಕಡೆ ವಾರಕ್ಕೆ ಎರಡು ದಿನವಾದರೂ ತಜ್ಞರನ್ನು ಕಳಿಸಿ. ಇದು ಪೈಲ್ವಾನರ ಶೋಕಿ ಅಂತ ತಿಳಿಯಬೇಡಿ. ಮಂಡಿಯಲ್ಲಿ ಮೂಟೆ ಹೊರುವ ಹಮಾಲಿಗೂ, ಬಿಂದಿಗೆ ಎತ್ತುವ ತಾಯಿಗೂ ಇರೋದು ಅದೇ ಹೆಗಲು. ಎರಡು, ಹೋಬಳಿ ಕ್ರೀಡಾಕೂಟದಿಂದಲೇ ಅಂಕಣದ ಪಕ್ಕ ನರ್ಸ್, ಜೋಳಿಗೆ ಬಟ್ಟೆ, ಐಸ್, ಒಂದು ಗಾಡಿ ಕಡ್ಡಾಯ ಆಗಲಿ. ಹಾರ ತುರಾಯಿಯ ಖರ್ಚಿನಲ್ಲೇ ಸಾಕಾಗುತ್ತದೆ. ಮೂರು, ಪಿ.ಟಿ. ಮೇಷ್ಟ್ರುಗಳಿಗೆ ವರ್ಷಕ್ಕೊಂದು ದಿನ ಈ ಪ್ರಥಮ ಚಿಕಿತ್ಸೆಯ ತರಬೇತಿ ಕೊಡಿ. ಡಾಕ್ಟರ ಚೀಟಿ ಇಲ್ಲದೆ ಪೆಟ್ಟಾದ ಹುಡುಗನನ್ನು ಆಡಿಸಬಾರದು ಅಂತ ಶೈಕ್ಷಣಿಕ ಜಿಲ್ಲೆಯಿಂದಲೇ ಸುತ್ತೋಲೆ ಹೊರಡಲಿ. ಜಿಮ್ ನಡೆಸುವವರೂ ಅಷ್ಟೇ, ಫೀಜು ಕಟ್ಟಿಸಿಕೊಂಡ ಮೇಲೆ ಹುಡುಗನ ಭುಜಕ್ಕೂ ಜವಾಬ್ದಾರರು.

ನಮ್ಮಲ್ಲಿ ಯಾರು ಪದಕ ತರುತ್ತಾರೆ, ಬಿಡ್ರೀ ಅನ್ನಬೇಡಿ. ಕುಂದಾಪುರ ಕಡೆಯ ಲಾರಿ ಡ್ರೈವರ್ ಒಬ್ಬರ ಮಗ ಗುರುರಾಜ ಪೂಜಾರಿ ಉಜಿರೆಯ ಕಾಲೇಜಿನಲ್ಲಿ ಭಾರ ಎತ್ತೋದು ಕಲಿತು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ತಂದರು. ಉಜಿರೆ ಬೆಂಗಳೂರಲ್ಲ, ನಮ್ಮ ಮಧುಗಿರಿಯಂಥದೇ ಒಂದು ಊರು. ಅಂಥ ಹುಡುಗ ಇಂದು ಮಿಡಿಗೇಶಿಯಲ್ಲೋ, ಹೊಳವನಹಳ್ಳಿಯಲ್ಲೋ ಇರಬಹುದು. ಅವನ ಭುಜ ಎಳೆದು ಕೂರಿಸುವ ಧನ್ವಂತರಿಗಳ ಕೈಗೆ ಸಿಕ್ಕದಂತೆ ನೋಡಿಕೊಳ್ಳುವುದು ಯಾರ ಕೆಲಸ?

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಮಧುಗಿರಿ, ಶಿರಾ, ಪಾವಗಡ ಎಲ್ಲ ಕೋಟೆ ಕಟ್ಟಿದ ಊರುಗಳೇ. ಬಾಗಿಲು ಯಾವಾಗ ಹಾಕಬೇಕು ಅಂತ ನಮಗೆ ಬೇರೆಯವರು ಹೇಳಿಕೊಡಬೇಕೆ? ಆರೋಗ್ಯ ಇಲಾಖೆ, ಶಿಕ್ಷಣ ಇಲಾಖೆ, ಕ್ರೀಡಾ ಇಲಾಖೆ ಮೂವರೂ ಒಂದು ದಿನ ಒಂದೇ ಮೇಜಿನ ಸುತ್ತ ಕೂತರೆ ಆಗುವ ಕೆಲಸ ಇದು. ಕೂರುತ್ತಾರೆಯೇ? ನೋಡೋಣ.