ಜೋಳಿಗೆ ಒಡ್ಡಿದವರು ಬಾಗಿಲು ಹಾಕಬಹುದೇ?



ಮೊನ್ನೆ ಶಿವಾನುಭವ ಗೋಷ್ಠಿ ಮುಗಿದ ಮೇಲೆ ಆಂಡರ್ಸನ್‌ಪೇಟೆಯ ಶರಣರೊಬ್ಬರು ಒಂದು ಸಲಹೆ ಇಟ್ಟರು: ಗಾಂಜಾ ಪ್ರಕರಣದಲ್ಲಿ ಶಿಕ್ಷೆಯಾದವರಿಗೆ ನಮ್ಮ ವಿದ್ಯಾರ್ಥಿವೇತನ ಕೊಡಬಾರದು. ಹಲವರು ತಲೆದೂಗಿದರು. ನಾನು ಒಪ್ಪಲಾರೆ.

ಅವರ ಕಳವಳ ಸುಳ್ಳಲ್ಲ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಸಾವಿರಾರು ಜನ ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಕತ್ತಲಾದ ಮೇಲೆ ಮರಳುತ್ತಾರೆ. ಮಕ್ಕಳು ಯಾರ ಸಹವಾಸಕ್ಕೆ ಬಿದ್ದರೆಂದು ನೋಡಲು ಅವರಿಗೆ ಹೊತ್ತೆಲ್ಲಿದೆ?

ಆದರೆ ಶಿಕ್ಷಿಸುವುದು ನ್ಯಾಯಾಲಯದ ಕೆಲಸ. 1985ರ ಮಾದಕ ವಸ್ತು ಕಾಯ್ದೆಯಂತೆ ಗಾಂಜಾ ಸೇದಿದವನಿಗೆ 6 ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ತಾನಾಗಿಯೇ ಚಿಕಿತ್ಸೆಗೆ ಬರುವ ವ್ಯಸನಿಗೆ ಅದೇ ಕಾಯ್ದೆಯ 64ಎ ಕಲಂ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಕಾನೂನಿಗಿರುವಷ್ಟು ಕರುಣೆಯೂ ನಮಗೆ ಬೇಡವೇ?

ಅಮೆರಿಕ ಈ ದಾರಿ ಹಿಡಿದು ನೋಡಿದೆ. ಮಾದಕ ಪ್ರಕರಣದಲ್ಲಿ ಶಿಕ್ಷೆಯಾದವರಿಗೆ ಸರ್ಕಾರಿ ಶಿಕ್ಷಣ ನೆರವು ನಿಲ್ಲಿಸುವ ಕಾನೂನನ್ನು 1998ರಲ್ಲಿ ಮಾಡಿ, 2020ರಲ್ಲಿ ತಾನೇ ಅದನ್ನು ಕೈಬಿಟ್ಟಿತು. ಉಳ್ಳವರ ಮಗ ಅದೇ ತಪ್ಪು ಮಾಡಿದರೂ ಅಪ್ಪನ ಹಣದಲ್ಲಿ ಓದು ಮುಗಿಸುತ್ತಾನೆ. ಓದು ನಿಲ್ಲುವುದು ಬಡವನದು ಮಾತ್ರ. ಒಂದೇ ತಪ್ಪಿಗೆ ಬಡವನಿಗೆ ಎರಡು ಶಿಕ್ಷೆ. ಇದು ನ್ಯಾಯವಲ್ಲ, ದಾಸೋಹವಂತೂ ಅಲ್ಲವೇ ಅಲ್ಲ.

ಕಲ್ಯಾಣದ ಶರಣರು ಯಾರು? ಹೆಂಡ ಮಾರುತ್ತಿದ್ದ ಮಾರಯ್ಯ, ಕನ್ನ ಹಾಕುತ್ತಿದ್ದ ಮಾರಿತಂದೆ. ಇವರಿಂದ ನಡತೆ ಪ್ರಮಾಣಪತ್ರ ಕೇಳಿದ್ದರೆ ಅನುಭವ ಮಂಟಪದ ಹೊಸ್ತಿಲು ದಾಟುತ್ತಿದ್ದರೇ? ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಕೇಳಿದ್ದು ಕಾಣಿಕೆಯನ್ನಲ್ಲ, ಜನರ ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಅಂದು ವೇದಿಕೆಯಲ್ಲಿ ಅವರ ಭಾವಚಿತ್ರಕ್ಕೆ ಹಾರ ಹಾಕಿ, ಮರುದಿನ ಕಚೇರಿಯಲ್ಲಿ ಹುಡುಗನ ಅರ್ಜಿ ಹರಿಯುವುದು ಯಾವ ಆಚಾರ?

‘ಹಾಗಾದರೆ ಚಟಕ್ಕೆ ಹಣ ಕೊಟ್ಟಂತಾಗುವುದಿಲ್ಲವೇ?’ ಎಂದು ಕೇಳುವವರಿದ್ದಾರೆ. ಹಣವನ್ನು ಹುಡುಗನ ಕೈಗೆ ಕೊಡಬೇಡಿ, ಕಾಲೇಜಿಗೇ ಶುಲ್ಕ ಕಟ್ಟಿ. ಚಿಕಿತ್ಸೆಗೆ ತಪ್ಪದೆ ಹೋಗಬೇಕೆಂಬ ಷರತ್ತು ಹಾಕಿ. ಜೊತೆಗೆ ಹಿರಿಯ ಶರಣರೊಬ್ಬರು ಹೋಗಲಿ. ವ್ಯಸನಮುಕ್ತಿ ಸಹಾಯವಾಣಿ 14446 ಅನ್ನು ಅರ್ಜಿಯ ಮೇಲೆಯೇ ಅಚ್ಚು ಹಾಕಿಸಿ. ಗಾಂಜಾ ಮಾರಿ ಮಕ್ಕಳನ್ನು ಕೆಡಿಸುವ ಜಾಲವನ್ನು ಕಾನೂನು ಬಿಗಿಯಾಗಿಯೇ ಹಿಡಿಯಲಿ. ಅದಕ್ಕೆ ನಮ್ಮ ತಕರಾರಿಲ್ಲ.

ಪುಸ್ತಕ ಕಸಿದುಕೊಂಡರೆ ಆ ಹುಡುಗನಿಗೆ ಉಳಿಯುವುದು ಹಳೆಯ ಸಹವಾಸವೊಂದೇ. ಆ ಷರತ್ತು ನಮ್ಮ ಅರ್ಜಿಯಲ್ಲಿ ಬರದಿರಲಿ.