ಆಟದ ಮರ್ಯಾದೆ

೨೦೧೮ನೆಯ ಇಸವಿಯ ಅಕ್ಟೋಬರಿನಲ್ಲಿ, ಚೀನದ ಶಾಂಘಾಯಿ ನಗರದಲ್ಲಿ ‘ಕೌಂಟರ್ ಸ್ಟ್ರೈಕ್’ ಎಂಬ ಗಣಕಯಂತ್ರದ ಆಟದ ಏಷ್ಯಾ ಸ್ಪರ್ಧೆ ನಡೆದಿತ್ತು. ‘ಆಪ್ಟಿಕ್ ಇಂಡಿಯಾ’ ತಂಡದ ಆಟಗಾರನೊಬ್ಬನು, ಗುರಿ ಹಿಡಿಯಲು ನೆರವಾಗುವ ಕಳ್ಳ ಸಾಧನವನ್ನು ‘ವರ್ಡ್’ ಎಂಬ ಸಾಧುವಾದ ಹೆಸರಿನಡಿ ಬಚ್ಚಿಟ್ಟು ಆಡುತ್ತಿದ್ದುದು ಪಂದ್ಯದ ನಡುವೆಯೇ ಬಯಲಾಯಿತು. ತಂಡವು ಸ್ಪರ್ಧೆಯಿಂದ ಹೊರಬಿದ್ದಿತು, ಬಳಿಕ ವಿಸರ್ಜಿತವಾಯಿತು, ಆಟಗಾರನಿಗೆ ಐದು ವರ್ಷಗಳ ಬಹಿಷ್ಕಾರವಾಯಿತು. ತಪ್ಪು ಒಬ್ಬನದು, ಫಲವನ್ನುಂಡುದು ತಂಡವೆಲ್ಲ, ಪರದೇಶದಲ್ಲಿ ತಲೆತಗ್ಗಿಸಬೇಕಾಗಿ ಬಂದುದು ಭಾರತದ ಹೆಸರಿಗೆ.

ಹುಡುಗರಾಟದ ಈ ಮಾತಿಗೇಕೆ ಇಷ್ಟು ಚರ್ಚೆಯೆಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಆದರೆ ೨೦೨೩ರಲ್ಲಿ ಹಾಂಗ್‌ಝೌ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ ಈ ಬಗೆಯ ಆಟಗಳಿಗೆ ಪದಕಗಳೇ ಸಂದವು. ನಮ್ಮ ಪಾರ್ಲಿಮೆಂಟು ೨೦೨೫ರ ಆನ್‌ಲೈನ್ ಆಟಗಳ ಕಾನೂನಿನಲ್ಲಿ ಹಣವೊಡ್ಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಮನ್ನಣೆಯನ್ನಿತ್ತಿತು. ಮನ್ನಣೆಯ ಬೆನ್ನಿಗೆ ಹೊಣೆಯೂ ಬರತಕ್ಕದ್ದು.

ಆಟಗಳ ಒಡೆಯರು ಕೈಕಟ್ಟಿ ಕುಳಿತಿಲ್ಲವೆಂಬುದು ನಿಜ. ೨೦೨೩ರ ಫೆಬ್ರವರಿಯಲ್ಲಿ ವಾಲ್ವ್ ಕಂಪನಿಯು ತನ್ನ ‘ಡೋಟಾ ೨’ ಆಟದೊಳಗೆ, ಕಳ್ಳ ಸಾಧನಗಳು ಮಾತ್ರವೇ ಓದಬಲ್ಲ ಮಾಹಿತಿಯನ್ನು ಬಲೆಯಾಗಿ ಒಡ್ಡಿ, ನಾಲ್ವತ್ತು ಸಾವಿರಕ್ಕೂ ಮಿಕ್ಕಿದ ಖಾತೆಗಳನ್ನು ಹೊರಹಾಕಿತು. ಪ್ರಾಮಾಣಿಕನನ್ನು ಮುಟ್ಟದ ಇಂಥ ಉಪಾಯವು ಶ್ಲಾಘ್ಯವೇ ಸರಿ. ಆದರೆ ೨೦೨೦ರಲ್ಲಿ ‘ವ್ಯಾಲೊರಂಟ್’ ಆಟದೊಡನೆ ಬಂದ ‘ವ್ಯಾನ್‌ಗಾರ್ಡ್’ ಎಂಬ ಕಾವಲು ಬೇರೆ ಬಗೆಯದು. ಅದು ಗಣಕಯಂತ್ರದ ಗರ್ಭದಲ್ಲಿಯೇ ನೆಲಸಿ, ಆಟವಾಡಲಿ ಬಿಡಲಿ, ಯಂತ್ರದೊಡನೆಯೇ ಎಚ್ಚರಗೊಳ್ಳುವಂತೆ ರಚಿತವಾಯಿತು. ಕಳ್ಳನನ್ನು ಹಿಡಿಯುವ ನೆವದಿಂದ ಮನೆಮನೆಯೊಳಗೂ ಕಾವಲುಗಾರನನ್ನಿರಿಸಿದರೆ, ಆ ಕಾವಲುಗಾರನನ್ನು ಕಾಯುವರಾರು?

ರೋಗದ ಬೇರು ಬೇರೆಡೆಯಲ್ಲಿದೆ. ಮೋಸದ ಸಾಧನಗಳನ್ನು ರಚಿಸಿ ಮಾರುವುದೇ ಒಂದು ವ್ಯಾಪಾರವಾಗಿದೆ. ದಕ್ಷಿಣ ಕೊರಿಯದ ಪಾರ್ಲಿಮೆಂಟು ೨೦೧೬ರಲ್ಲಿಯೇ ಇಂಥ ಸಾಧನಗಳ ತಯಾರಿಕೆ ಹಂಚಿಕೆಗಳನ್ನು ಶಿಕ್ಷಾರ್ಹಗೊಳಿಸಿತು. ೨೦೨೧ರಲ್ಲಿ ಚೀನದ ಪೋಲೀಸರು, ಇವನ್ನು ಹಲವು ದೇಶಗಳಿಗೆ ಮಾರುತ್ತಿದ್ದ ಕೂಟವೊಂದನ್ನು ಭೇದಿಸಿ ಹತ್ತು ಜನರನ್ನು ಬಂಧಿಸಿದರು. ಕೊಂಡ ಹುಡುಗನನ್ನಷ್ಟೇ ದಂಡಿಸಿ ಮಾರಿದವನನ್ನು ಬಿಡುವುದು ನ್ಯಾಯವೂ ಅಲ್ಲ, ಜಾಣ್ಮೆಯೂ ಅಲ್ಲ.

ಆದುದರಿಂದ ಕೇಂದ್ರ ಸರಕಾರವು ಎರಡು ಕೆಲಸಗಳನ್ನು ಮಾಡಬೇಕೆಂದು ನಾವು ಒತ್ತಿ ಹೇಳುತ್ತೇವೆ. ಮೋಸದ ಸಾಧನಗಳ ಮಾರಾಟವು ಅಪರಾಧವೆಂದು ಕಾನೂನು ಸ್ಪಷ್ಟವಾಗಿ ನುಡಿಯಲಿ. ಕಾವಲಿನ ಯಂತ್ರವು ಏನನ್ನು ನೋಡುತ್ತದೆ, ಏನನ್ನು ಒಯ್ಯುತ್ತದೆ ಎಂಬುದನ್ನು ಆಟಗಾರನಿಗೆ ಅವನ ಭಾಷೆಯಲ್ಲಿ ತಿಳಿಸುವ ಕಟ್ಟಳೆಯೂ ಆಗಲಿ. ಶಾಂಘಾಯಿಯ ಅಪಕೀರ್ತಿಯನ್ನು ತೊಳೆಯುವ ಹೊಣೆಯನ್ನು ಹುಡುಗರ ಮೇಲೆಯೇ ಹೊರಿಸಿ ಹಿರಿಯರು ಸುಮ್ಮನಿರಲಾಗದು.